ಮ್ಯಾಗ್ನೆಟ್‌ಗೆ ಅನುದಾನ ಸಿಗುತ್ತದೆ, ಅದನ್ನು ನಡೆಸುವವರಿಗೆ ಹುದ್ದೆ ಸಿಗುವುದಿಲ್ಲ

ಪ್ರೋಟೀನು, ಆರ್‌ಎನ್‌ಎಗಳಂಥ ಜೈವಿಕ ಅಣುಗಳ ಅಧ್ಯಯನಕ್ಕೆಂದು ವಿಶ್ವವಿದ್ಯಾಲಯವೊಂದರಲ್ಲಿ ಎನ್‌ಎಂಆರ್ ಕೇಂದ್ರ ಆರಂಭವಾದಾಗ, ಯಂತ್ರ ಎಷ್ಟು ಮೆಗಾಹರ್ಟ್ಸ್‌ನದು, ಅದರ ಬೆಲೆ ಎಷ್ಟು ಕೋಟಿ, ಉದ್ಘಾಟನೆಗೆ ಬಂದ ಗಣ್ಯರು ಯಾರು ಎಂಬುದೆಲ್ಲ ಪತ್ರಿಕೆಗಳಲ್ಲಿ ಬರುತ್ತದೆ. ಮುಂದಿನ ಇಪ್ಪತ್ತು ವರ್ಷ ಆ ಯಂತ್ರವನ್ನು ನಡೆಸಿಕೊಂಡು ಹೋಗುವವರು ಯಾರು, ಅವರ ಹುದ್ದೆ ಕಾಯಮ್ಮೋ ಗುತ್ತಿಗೆಯೋ, ಅವರಿಗೆ ಬಡ್ತಿ ಎಂಬುದೊಂದು ಇದೆಯೋ ಇಲ್ಲವೋ ಎಂಬುದರ ಬಗ್ಗೆ ಒಂದು ಸಾಲನ್ನೂ ನಾನು ಇದುವರೆಗೆ ಓದಿಲ್ಲ. ಇಂಥ ಕೇಂದ್ರವೊಂದರ ನೆರವಿಲ್ಲದಿದ್ದರೆ ನನ್ನ ಪಿಎಚ್‌ಡಿ ಮುಗಿಯುತ್ತಲೇ ಇರಲಿಲ್ಲ. ಈಗ ಜೀವರಸಾಯನಶಾಸ್ತ್ರ ಪಾಠ ಮಾಡುತ್ತಿದ್ದೇನೆ, ನನ್ನ ಕೆಲವು ವಿದ್ಯಾರ್ಥಿಗಳು ಅಂಥ ಕೇಂದ್ರಗಳಲ್ಲೇ ಕೆಲಸಕ್ಕೆ ಸೇರಿದ್ದಾರೆ. ಆದ್ದರಿಂದ ಬಹಳ ದಿನಗಳಿಂದ ಮನಸ್ಸಿನಲ್ಲಿದ್ದ ಈ ವಿಷಯವನ್ನು ಸ್ವಲ್ಪ ದೀರ್ಘವಾಗಿಯೇ ಬರೆಯುತ್ತಿದ್ದೇನೆ.

ಈ ಕ್ಷೇತ್ರದ ಪರಿಚಯ ಇಲ್ಲದವರಿಗಾಗಿ ಎರಡು ಮಾತು. ಪರಮಾಣು ಕಾಂತೀಯ ಅನುರಣನ ಎಂಬುದು ಎನ್‌ಎಂಆರ್‌ನ ಪೂರ್ಣ ಹೆಸರು. ಆಸ್ಪತ್ರೆಯ ಎಂಆರ್‌ಐ ಯಂತ್ರವೂ ಇದೇ ತತ್ತ್ವದ ಮೇಲೆ ಕೆಲಸ ಮಾಡುತ್ತದೆ. ಬಲವಾದ ಕಾಂತಕ್ಷೇತ್ರದಲ್ಲಿಟ್ಟ ಹೈಡ್ರೋಜನ್, ಕಾರ್ಬನ್-13, ನೈಟ್ರೋಜನ್-15ರಂಥ ಪರಮಾಣುಗಳ ಬೀಜಕೇಂದ್ರಗಳಿಗೆ ರೇಡಿಯೋ ತರಂಗದ ಪಲ್ಸ್ ಕೊಟ್ಟರೆ ಅವು ಸಣ್ಣ ಸಂಕೇತವೊಂದನ್ನು ಮರಳಿ ಕೊಡುತ್ತವೆ. ಆ ಸಂಕೇತದ ಆವರ್ತನವನ್ನು ನೋಡಿ, ಅಣುವಿನಲ್ಲಿ ಆ ಪರಮಾಣುವಿನ ಸುತ್ತಮುತ್ತ ಏನಿದೆ ಎಂದು ಹೇಳಬಹುದು. 800 ಮೆಗಾಹರ್ಟ್ಸ್ ಯಂತ್ರ ಎಂದರೆ 18.8 ಟೆಸ್ಲಾ ಕಾಂತಕ್ಷೇತ್ರ, ಅಂದರೆ ಭೂಮಿಯ ಕಾಂತಕ್ಷೇತ್ರದ ಮೂರು ಲಕ್ಷ ಪಟ್ಟಿಗೂ ಹೆಚ್ಚು. ಇಷ್ಟು ಬಲ ಬರಬೇಕಾದರೆ ವಿದ್ಯುತ್ತಿಗೆ ತಡೆಯೇ ಒಡ್ಡದ ಅತಿವಾಹಕ ತಂತಿಯ ಸುರುಳಿ ಬೇಕು, ಆ ಸುರುಳಿ ಮೈನಸ್ 269 ಡಿಗ್ರಿಯ ದ್ರವ ಹೀಲಿಯಂನಲ್ಲಿ ಸದಾ ಮುಳುಗಿರಬೇಕು, ಹೀಲಿಯಂ ಬೇಗ ಆವಿಯಾಗದಂತೆ ಅದರ ಸುತ್ತ ಮೈನಸ್ 196 ಡಿಗ್ರಿಯ ದ್ರವ ಸಾರಜನಕದ ಕವಚ ಇರಬೇಕು. ಒಮ್ಮೆ ವಿದ್ಯುತ್ತು ತುಂಬಿದ ಮೇಲೆ ಸುರುಳಿಯಲ್ಲಿ ಅದು ವರ್ಷಗಟ್ಟಲೆ ತಾನಾಗಿಯೇ ಹರಿಯುತ್ತಿರುತ್ತದೆ, ಹೊರಗಿನಿಂದ ಕರೆಂಟು ಬೇಕಿಲ್ಲ. ಆದರೆ ಹೀಲಿಯಂ ಮುಗಿದರೆ ಅದೇ ಸುರುಳಿ ಬಿಸಿಯಾಗಿ, ಅತಿವಾಹಕ ಗುಣ ಕಳೆದುಕೊಂಡು, ಅದರಲ್ಲಿದ್ದ ಶಕ್ತಿಯೆಲ್ಲ ಶಾಖವಾಗಿ, ಉಳಿದ ಹೀಲಿಯಂ ಕೂಡ ನಿಮಿಷಗಳಲ್ಲಿ ಆವಿಯಾಗಿ ಹೊರನುಗ್ಗುತ್ತದೆ. ಇದಕ್ಕೆ ಕ್ವೆಂಚ್ ಎನ್ನುತ್ತಾರೆ. ಒಂದು ಲೀಟರ್ ದ್ರವ ಹೀಲಿಯಂ ಸುಮಾರು 750 ಲೀಟರ್ ಅನಿಲವಾಗುತ್ತದೆ. ಆ ಕೋಣೆಯಲ್ಲಿ ಗಾಳಿ ಹೋಗಲು ಸರಿಯಾದ ದಾರಿ ಇಲ್ಲದಿದ್ದರೆ ಒಳಗಿದ್ದವರಿಗೆ ಉಸಿರಾಡಲು ಆಮ್ಲಜನಕ ಉಳಿಯುವುದಿಲ್ಲ.

ಹೀಗಾಗಿ ಈ ಯಂತ್ರವನ್ನು ಕೊಂಡು ತಂದು, ಬೀಗ ಹಾಕಿ, ಬೇಕೆಂದಾಗ ಬಂದು ಬಳಸುತ್ತೇವೆ ಎನ್ನುವಂತಿಲ್ಲ. ಸಾರಜನಕವನ್ನು ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ ತುಂಬಬೇಕು, ಹೀಲಿಯಂನ್ನು ಯಂತ್ರಕ್ಕೆ ತಕ್ಕಂತೆ ಕೆಲವು ವಾರಗಳಿಗೋ ಕೆಲವು ತಿಂಗಳಿಗೋ ಒಮ್ಮೆ ತುಂಬಬೇಕು. ಅದಕ್ಕೆ ಯುಗಾದಿಯೂ ಇಲ್ಲ, ದೀಪಾವಳಿಯೂ ಇಲ್ಲ. 2020ರ ಮಾರ್ಚ್‌ನಲ್ಲಿ ದೇಶವೆಲ್ಲ ಲಾಕ್‌ಡೌನ್ ಆದಾಗ ಪ್ರಯೋಗಾಲಯಗಳ ಬಾಗಿಲು ಹಾಕಬಹುದಾಗಿತ್ತು, ಮ್ಯಾಗ್ನೆಟ್‌ನ ಆವಿಯಾಗುವಿಕೆಯನ್ನು ನಿಲ್ಲಿಸುವಂತಿರಲಿಲ್ಲ. ಯಾರೋ ಪಾಸ್ ಪಡೆದು, ಖಾಲಿ ಕ್ಯಾಂಪಸ್ಸಿಗೆ ಹೋಗಿ, ಸಿಲಿಂಡರು ತಳ್ಳಿಕೊಂಡು ಬಂದು ಅದನ್ನು ತುಂಬಲೇಬೇಕಾಗಿತ್ತು. ಅದೇ ವರ್ಷ ಫ್ರಾಂಕ್‌ಫರ್ಟ್‌ನ ಗೋಯಥೆ ವಿಶ್ವವಿದ್ಯಾಲಯದ ಜೈವಿಕ ಅಣುಗಳ ಎನ್‌ಎಂಆರ್ ಕೇಂದ್ರದ ನೇತೃತ್ವದಲ್ಲಿ ಹಲವು ದೇಶಗಳ ಪ್ರಯೋಗಾಲಯಗಳು ಒಟ್ಟುಗೂಡಿ ಕೊರೋನಾ ವೈರಸ್ಸಿನ ಪ್ರೋಟೀನುಗಳನ್ನೂ ಆರ್‌ಎನ್‌ಎ ತುಣುಕುಗಳನ್ನೂ ಅಧ್ಯಯನ ಮಾಡಿದವು. ಎಲ್ಲರೂ ಮನೆಯಲ್ಲಿದ್ದಾಗ ಮ್ಯಾಗ್ನೆಟ್‌ಗಳನ್ನು ತಣ್ಣಗಿಟ್ಟವರಿಲ್ಲದೆ ಅದು ಸಾಧ್ಯವಿರಲಿಲ್ಲ.

ಹೀಲಿಯಂ ತುಂಬುವ ಕೆಲಸವನ್ನು ಹತ್ತಿರದಿಂದ ನೋಡಿದವರಿಗೆ ಅದರ ಸೂಕ್ಷ್ಮ ಗೊತ್ತು. ಎರಡು ಗೋಡೆಗಳ ನಡುವೆ ನಿರ್ವಾತ ಇರುವ ಉದ್ದನೆಯ ಉಕ್ಕಿನ ಕೊಳವೆಯ ಒಂದು ತುದಿಯನ್ನು ಮೊದಲು ದ್ರವ ಹೀಲಿಯಂ ತುಂಬಿ ತಂದ ಥರ್ಮಾಸ್‌ನಂಥ ಪಾತ್ರೆಗೆ, ಅಂದರೆ ಡ್ಯೂವಾರ್‌ಗೆ, ನಿಧಾನವಾಗಿ ಇಳಿಸುತ್ತಾರೆ. ಕೊಳವೆ ಬಿಸಿಯಿರುವಷ್ಟು ಹೊತ್ತು ಇನ್ನೊಂದು ತುದಿಯಿಂದ ಬರುವುದು ಬರೀ ಅನಿಲ. ಕೊಳವೆ ತಣ್ಣಗಾಗಿ, ತುದಿಯಲ್ಲಿ ದ್ರವದ ಬಿಳಿ ನಾಲಗೆ ಕಾಣಿಸಿಕೊಂಡ ಮೇಲೆಯೇ ಅದನ್ನು ಮ್ಯಾಗ್ನೆಟ್‌ನೊಳಗೆ ಇಳಿಸಬೇಕು. ಮೊದಲೇ ಇಳಿಸಿದರೆ ಬಿಸಿ ಅನಿಲ ಒಳಗಿನ ಹೀಲಿಯಂನ್ನೂ ಆವಿ ಮಾಡುತ್ತದೆ, ಕ್ವೆಂಚ್ ಆದರೂ ಆದೀತು. ಮುಚ್ಚಳ ತೆರೆದಿರುವಾಗ ಹೊರಗಿನ ತೇವಾಂಶ ಒಳಗೆ ಹೋದರೆ ಕತ್ತಿನಲ್ಲಿ ಮಂಜುಗಡ್ಡೆ ಕಟ್ಟಿ ಆವಿ ಹೊರಹೋಗುವ ದಾರಿಯೇ ಮುಚ್ಚಿಹೋಗಬಹುದು. ನಾನು ವಿದ್ಯಾರ್ಥಿನಿಯಾಗಿದ್ದ ಕಾಲದಲ್ಲಿ ನಮ್ಮ ಕೇಂದ್ರದ ಹಿರಿಯ ತಾಂತ್ರಿಕ ಅಧಿಕಾರಿಯೊಬ್ಬರು ಈ ಕೆಲಸ ಮಾಡುವಾಗ ಮೀಟರ್ ನೋಡುವುದಕ್ಕಿಂತ ಹೆಚ್ಚಾಗಿ ಅನಿಲ ಹೊರಬರುವ ಸದ್ದನ್ನು ಕೇಳುತ್ತಿದ್ದರು. ಸದ್ದಿನ ಏರಿಳಿತದಿಂದಲೇ ಒತ್ತಡ ಎಷ್ಟಿದೆಯೆಂದು ಅಂದಾಜು ಮಾಡಿ ಕವಾಟ ತಿರುಗಿಸುತ್ತಿದ್ದರು. ಯಾವ ಕೈಪಿಡಿಯಲ್ಲೂ ಬರೆದಿರದ ಈ ತಿಳಿವಳಿಕೆ, ವರ್ಷಾನುಗಟ್ಟಲೆ ಒಂದೇ ಯಂತ್ರದ ಪಕ್ಕದಲ್ಲಿ ನಿಂತವರಿಗೆ ಮಾತ್ರ ಬರುವಂಥದ್ದು.

ಇಷ್ಟಾದರೂ ಇದು ಅವರ ಕೆಲಸದ ಹೊರಭಾಗ. ನಿಜವಾದ ಕೆಲಸ ಸ್ಪೆಕ್ಟ್ರೋಮೀಟರಿನ, ಅಂದರೆ ಸಂಕೇತಗಳನ್ನು ಅಳೆಯುವ ಈ ಯಂತ್ರದ, ಮುಂದೆ ಕುಳಿತಾಗ ಆರಂಭವಾಗುತ್ತದೆ. ವಿದ್ಯಾರ್ಥಿಯೊಬ್ಬ ಬ್ಯಾಕ್ಟೀರಿಯಾಗಳಿಗೆ ನೈಟ್ರೋಜನ್-15 ಅಮೋನಿಯಂ ಕ್ಲೋರೈಡನ್ನೂ, ಗ್ರಾಂಗೆ ಸಾವಿರಾರು ರೂಪಾಯಿ ಬೆಲೆಯ ಕಾರ್ಬನ್-13 ಗ್ಲೂಕೋಸನ್ನೂ ಉಣಿಸಿ, ಪ್ರೋಟೀನು ತಯಾರಿಸಿ, ಶುದ್ಧ ಮಾಡಿ, ಅರ್ಧ ಮಿಲಿಲೀಟರಿನಷ್ಟು ದ್ರಾವಣವನ್ನು 5 ಮಿಲಿಮೀಟರ್ ದಪ್ಪದ ಗಾಜಿನ ಟ್ಯೂಬಿನಲ್ಲಿ ಹಾಕಿಕೊಂಡು ಬರುತ್ತಾನೆ. ಅದರ ಹಿಂದೆ ತಿಂಗಳುಗಳ ಶ್ರಮ ಇರುತ್ತದೆ. ಟ್ಯೂಬನ್ನು ಬೆಳಕಿಗೆ ಹಿಡಿದು, ತಳದಲ್ಲಿ ಮೋಡದಂಥ ಗಸಿ ಕಂಡರೆ, "ಪ್ರೋಟೀನು ಕೂತುಬಿಟ್ಟಿದೆಯಲ್ಲಪ್ಪ, ಇದನ್ನು ಒಂದು ಸಲ ಸೆಂಟ್ರಿಫ್ಯೂಜ್ ಮಾಡಿ ತಂದುಬಿಡು" ಎಂದು ಹೇಳುವವರು ಆ ಕೇಂದ್ರದವರೇ. ಟ್ಯೂಬು ಒಳಗೆ ಹೋದ ಮೇಲೆ ಕಾಂತಕ್ಷೇತ್ರ ಕದಲದಂತೆ ಲಾಕ್ ಮಾಡಬೇಕು, ಸಂಕೇತ ಹಿಡಿಯುವ ಪ್ರೋಬನ್ನು ಟ್ಯೂನ್ ಮಾಡಬೇಕು, ಟ್ಯೂಬಿನುದ್ದಕ್ಕೂ ಕಾಂತಕ್ಷೇತ್ರ ಶತಕೋಟಿಯಲ್ಲಿ ಒಂದೆರಡು ಪಾಲಿನಷ್ಟೂ ವ್ಯತ್ಯಾಸ ಇಲ್ಲದಂತೆ ಶಿಮ್ ಮಾಡಬೇಕು, ಪಲ್ಸಿನ ಅವಧಿ ಅಳೆಯಬೇಕು. ಪಲ್ಸ್ ಎಂದಿಗಿಂತ ಉದ್ದ ಬಂತೆಂದರೆ ಅನುಭವಿಗಳಿಗೆ ತಕ್ಷಣ ತಿಳಿಯುತ್ತದೆ. "ಬಫರಿನಲ್ಲಿ ಉಪ್ಪು ಎಷ್ಟು ಹಾಕಿದ್ದೀಯಮ್ಮ?" ಎಂದು ಒಮ್ಮೆ ನಮ್ಮ ಕೇಂದ್ರದವರು ನನ್ನನ್ನು ಕೇಳಿದ್ದರು. ಬಫರ್ ಎಂದರೆ ಪ್ರೋಟೀನು ಕರಗಿರುವ ದ್ರಾವಣ. ಉಪ್ಪು ಹೆಚ್ಚಾದರೆ ಕ್ರಯೋಪ್ರೋಬಿನ (ಅತಿ ತಣ್ಣಗಿಟ್ಟು ಬಳಸುವ ಪ್ರೋಬಿನ) ಸೂಕ್ಷ್ಮತೆ ತಗ್ಗುತ್ತದೆ ಎಂಬುದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಆದರೆ ಪರದೆಯ ಮೇಲಿನ ಒಂದೇ ಒಂದು ಸಂಖ್ಯೆಯಿಂದ ನನ್ನ ಬಫರಿನ ಪಾಕವನ್ನು ಒಬ್ಬರು ಓದಬಲ್ಲರು ಎಂಬುದು ಅಂದೇ ತಿಳಿದದ್ದು.

ಅದಾದ ಮೇಲೆ ಬರುವುದು ಎಚ್‌ಎಸ್‌ಕ್ಯೂಸಿ ಎಂಬ ಪ್ರಯೋಗ. ಪ್ರೋಟೀನಿನ ಬಹುತೇಕ ಪ್ರತಿಯೊಂದು ಅಮೈನೋ ಆಮ್ಲಕ್ಕೂ ಒಂದೊಂದು ಚುಕ್ಕೆ ಬರುವ ಚಿತ್ರ ಅದು. ಪ್ರೋಟೀನು ಸರಿಯಾಗಿ ಮಡಚಿಕೊಂಡಿದ್ದರೆ ಚುಕ್ಕೆಗಳು ಚಿತ್ರದ ತುಂಬ ಹರಡಿಕೊಂಡಿರುತ್ತವೆ, ಇಲ್ಲದಿದ್ದರೆ ನಡುವೆ ಒಂದೇ ಕಡೆ ಗುಂಪುಗೂಡಿರುತ್ತವೆ. ಅನುಭವಿ ಆಪರೇಟರ್ ಇದನ್ನು ಕೆಲವೇ ನಿಮಿಷಗಳಲ್ಲಿ ನೋಡಿ, ಹಲವು ದಿನಗಳ ಮುಂದಿನ ಪ್ರಯೋಗಗಳಿಗೆ ಯಂತ್ರದ ಸಮಯ ಕೊಡಬೇಕೋ, ವಿದ್ಯಾರ್ಥಿಯನ್ನು ಪ್ರಯೋಗಾಲಯಕ್ಕೆ ವಾಪಸು ಕಳಿಸಬೇಕೋ ಎಂದು ಹೇಳಬಲ್ಲರು. ಈ ನಿರ್ಧಾರ ಪೂರ್ತಿಯಾಗಿ ವೈಜ್ಞಾನಿಕ ನಿರ್ಧಾರ. ನಮ್ಮ ಆಡಳಿತದ ಕಡತಗಳಲ್ಲಿ ಮಾತ್ರ ಇದಕ್ಕೆ "ತಾಂತ್ರಿಕ ಸೇವೆ" ಎಂಬ ಹೆಸರು, ಪ್ರಬಂಧಗಳಲ್ಲಿ ಇದಕ್ಕೆ ಕೊನೆಯ ಪುಟದ ಕೃತಜ್ಞತೆಯಲ್ಲಿ ಅರ್ಧ ಸಾಲು. ಎಷ್ಟೋ ಸಲ ಆ ಅರ್ಧ ಸಾಲಿನಲ್ಲೂ ಕೇಂದ್ರದ ಹೆಸರು ಇರುತ್ತದೆ, ವ್ಯಕ್ತಿಯ ಹೆಸರು ಇರುವುದಿಲ್ಲ.

ಬೆಂಗಳೂರಿನವರಿಗೆ ಈ ವಿಷಯದಲ್ಲಿ ಹೆಮ್ಮೆಪಡಲು ಕಾರಣಗಳಿವೆ. ಬ್ಲಾಕ್ ಮತ್ತು ಪರ್ಸೆಲ್ ಅವರ ತಂಡಗಳು ಅಮೆರಿಕದಲ್ಲಿ ಎನ್‌ಎಂಆರ್ ಸಂಕೇತವನ್ನು ಕಂಡದ್ದನ್ನು ಪ್ರಕಟಿಸಿದ್ದು 1946ರಲ್ಲಿ. ಅದಾಗಿ ಐದೇ ವರ್ಷಕ್ಕೆ, 1951ರಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ ಹರಿಯುವ ದ್ರವಗಳಲ್ಲಿ ಎನ್‌ಎಂಆರ್ ಸಂಕೇತ ಹೇಗೆ ಬದಲಾಗುತ್ತದೆ ಎಂಬುದರ ಬಗ್ಗೆ ಪ್ರಬಂಧ ಬರೆದರು. ಹರಿವನ್ನು ಎನ್‌ಎಂಆರ್‌ನಿಂದ ಅಳೆಯುವವರು ಇಂದಿಗೂ ಅದನ್ನು ಉಲ್ಲೇಖಿಸುತ್ತಾರೆ. ಮುಂದೆ ಅದೇ ಸಂಸ್ಥೆಯ ಪ್ರಾಧ್ಯಾಪಕರಾದ ಅನಿಲ್ ಕುಮಾರ್ ಅವರು 1975ರಲ್ಲಿ ಜ್ಯೂರಿಕ್‌ನಲ್ಲಿ ರಿಚರ್ಡ್ ಅರ್ನ್‌ಸ್ಟ್ ಅವರೊಂದಿಗೆ ಬರೆದ ಪ್ರಬಂಧ ಇಂದಿನ ಎಂಆರ್‌ಐ ವಿಧಾನಕ್ಕೆ ಬುನಾದಿಯಾಯಿತು. 1980ರಲ್ಲಿ ಅವರು ಅರ್ನ್‌ಸ್ಟ್ ಮತ್ತು ಕುರ್ಟ್ ವುಥ್ರಿಚ್ ಅವರೊಂದಿಗೆ ಪ್ರಕಟಿಸಿದ ದ್ವಿಆಯಾಮದ ಪ್ರಯೋಗ, ಪ್ರೋಟೀನಿನಲ್ಲಿ ಪರಸ್ಪರ ಹತ್ತಿರವಿರುವ ಹೈಡ್ರೋಜನ್‌ಗಳ ಜೋಡಿಗಳನ್ನು ಪತ್ತೆಹಚ್ಚುವ ದಾರಿಯನ್ನು ತೋರಿಸಿತು. ನೋಯಿಸಿ ಎಂದು ಕರೆಯುವ ಆ ಪ್ರಯೋಗವೇ ದ್ರಾವಣದಲ್ಲಿರುವ ಪ್ರೋಟೀನಿನ ರಚನೆ ಬಿಡಿಸುವ ವಿಧಾನದ ಬೆನ್ನೆಲುಬಾಯಿತು. ಅರ್ನ್‌ಸ್ಟ್ ಅವರಿಗೆ 1991ರಲ್ಲೂ ವುಥ್ರಿಚ್ ಅವರಿಗೆ 2002ರಲ್ಲೂ ರಸಾಯನಶಾಸ್ತ್ರದ ನೊಬೆಲ್ ಬಂತು.

ಈ ಹೆಸರುಗಳನ್ನು ನಾವು ಹೇಳಿಕೊಳ್ಳುತ್ತೇವೆ, ಹೇಳಿಕೊಳ್ಳಲೇಬೇಕು. ಜೊತೆಗೆ 1977ರಲ್ಲಿ ವಿಜ್ಞಾನ ಸಂಸ್ಥೆಯ ಆವರಣದಲ್ಲಿ 270 ಮೆಗಾಹರ್ಟ್ಸ್ ಅತಿವಾಹಕ ಯಂತ್ರದೊಂದಿಗೆ ಆರಂಭವಾದ ಉಪಕರಣ ಕೇಂದ್ರದ ನೆನಪನ್ನೂ ಇಟ್ಟುಕೊಳ್ಳಬೇಕು. ಇಂದಿನ ಎನ್‌ಎಂಆರ್ ಸಂಶೋಧನಾ ಕೇಂದ್ರದ ಮೂಲ ಅದು. ಸಿ. ಎಲ್. ಖೇತ್ರಪಾಲ್ ಅವರಂಥವರು ಕಟ್ಟಿ ಬೆಳೆಸಿದ ಆ ಕೇಂದ್ರ ಒಂದೇ ವಿಭಾಗದ ಸೊತ್ತಾಗದೆ, ಹೊರಗಿನ ಸಂಸ್ಥೆಗಳಿಗೂ ಸ್ಪೆಕ್ಟ್ರಮ್ (ಸಂಕೇತಗಳ ಚಿತ್ರ) ತೆಗೆದುಕೊಡುವ ಹೊಣೆ ಹೊತ್ತಿತು. ದ್ರವ ಹೀಲಿಯಂ ಕಂಡವರೇ ಅಪರೂಪವಾಗಿದ್ದ ಆ ಕಾಲದಲ್ಲಿ ಅಂಥ ಯಂತ್ರವನ್ನು ನಡೆಸಲು ಕಲಿತವರು ಮುಂದೆ ದೇಶದಲ್ಲಿ ಈ ವಿದ್ಯೆ ಹಬ್ಬಲು ಕಾರಣರಾದರು.

ಬೇರೆ ದೇಶದ ಉದಾಹರಣೆಯಾಗಿ ನನಗೆ ಮೆಚ್ಚುಗೆಯಾಗುವುದು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮ್ಯಾಡಿಸನ್ ಎನ್‌ಎಂಆರ್ ಕೇಂದ್ರ. ಜೀವರಸಾಯನಶಾಸ್ತ್ರ ವಿಭಾಗದ ಜಾನ್ ಮಾರ್ಕ್ಲಿ 1985ರಲ್ಲಿ ಅದನ್ನು ಆರಂಭಿಸಿದರು. ದೂರದೂರದ ವಿಜ್ಞಾನಿಗಳು ಅಲ್ಲಿಗೆ ಸ್ಯಾಂಪಲ್ ಕಳಿಸಿ, ಅಲ್ಲಿನ ಸಿಬ್ಬಂದಿಯೊಂದಿಗೆ ಕೂಡಿ ಕೆಲಸ ಮಾಡುವ ಪದ್ಧತಿ ಬೆಳೆಯಿತು. ಅದರ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಮುಖ್ಯವೆನಿಸುವುದು ಒಂದು ಸಾಫ್ಟ್‌ವೇರ್. ಪ್ರೋಟೀನ್ ಸ್ಪೆಕ್ಟ್ರಮ್‌ಗಳನ್ನು ಬಿಡಿಸಲು ಜಗತ್ತಿನ ಎಷ್ಟೋ ಪ್ರಯೋಗಾಲಯಗಳು ನೆಚ್ಚಿಕೊಂಡಿದ್ದ ಸ್ಪಾರ್ಕಿ ಎಂಬ ತಂತ್ರಾಂಶವನ್ನು ಕ್ಯಾಲಿಫೋರ್ನಿಯಾದಲ್ಲಿ ಬರೆದಿದ್ದರು, ಆದರೆ ಕಾಲಾನಂತರ ಅದರ ಅಭಿವೃದ್ಧಿ ನಿಂತುಹೋಯಿತು. ಅದನ್ನು ಕೈಗೆತ್ತಿಕೊಂಡು, ಹೊಸ ವಿಧಾನಗಳನ್ನು ಸೇರಿಸಿ, 2015ರಲ್ಲಿ ಪ್ರಬಂಧ ರೂಪದಲ್ಲಿ ಪ್ರಕಟಿಸಿದವರು ಮ್ಯಾಡಿಸನ್ ಕೇಂದ್ರದವರು. ನಿತ್ಯ ಬಳಕೆದಾರರ ಪಕ್ಕದಲ್ಲಿ ಕುಳಿತು ಅವರ ಕಷ್ಟ ನೋಡಿದವರು ಮಾತ್ರ ಇಂಥದ್ದನ್ನು ಮಾಡಬಲ್ಲರು. ಕೇಂದ್ರದ ಸಿಬ್ಬಂದಿಗೆ ಸಂಶೋಧಕರ ಸ್ಥಾನವಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. 2021ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವು ಕನೆಕ್ಟಿಕಟ್, ಜಾರ್ಜಿಯಾ, ವಿಸ್ಕಾನ್ಸಿನ್ ವಿಶ್ವವಿದ್ಯಾಲಯಗಳ ಜಾಲಕ್ಕೆ ಸುಮಾರು 4 ಕೋಟಿ ಡಾಲರ್ ಕೊಟ್ಟಿತು. ಆ ಹಣದಲ್ಲಿ ಎರಡು 1.1 ಗಿಗಾಹರ್ಟ್ಸ್ ಯಂತ್ರಗಳ ಜೊತೆಗೆ, ಪ್ರಯೋಗಗಳನ್ನು ಹೇಗೆ ಮಾಡಬೇಕೆಂಬ ಅನುಭವಿಗಳ ತಿಳಿವಳಿಕೆಯನ್ನು ಹೊಸಬರಿಗೆ ಸಿಗುವಂತೆ ದಾಖಲಿಸಿಡುವ ಕೆಲಸವೂ ಸೇರಿತ್ತು. ಹಣ ಕೊಡುವವರು ಆ ತಿಳಿವಳಿಕೆಯನ್ನೂ ಸಂಪತ್ತೆಂದು ಲೆಕ್ಕ ಹಾಕಿದ್ದು ನನಗೆ ದೊಡ್ಡ ವಿಷಯವಾಗಿ ಕಾಣುತ್ತದೆ.

ಕೆಲವರು ನನಗೆ ಹೇಳುವುದುಂಟು: ಯಂತ್ರ ಕೆಟ್ಟರೆ ಕಂಪನಿಯ ಎಂಜಿನಿಯರ್ ಬರುತ್ತಾರೆ, ವಾರ್ಷಿಕ ನಿರ್ವಹಣಾ ಒಪ್ಪಂದ ಇದೆ, ಸ್ವಂತ ಸಿಬ್ಬಂದಿ ಏಕೆ ಎಂದು. ಕಂಪನಿಯ ಎಂಜಿನಿಯರುಗಳಲ್ಲಿ ಅತ್ಯಂತ ನಿಪುಣರಿದ್ದಾರೆ, ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಯಂತ್ರದ ಎಲೆಕ್ಟ್ರಾನಿಕ್ ಬೋರ್ಡ್ ಬದಲಿಸುವುದು ಒಂದು ವಿದ್ಯೆ, ನನ್ನ ಪ್ರೋಟೀನು ಮಡಚಿಕೊಂಡಿಲ್ಲ ಎಂದು ಹೇಳುವುದು ಬೇರೆಯೇ ವಿದ್ಯೆ. ಅಲ್ಲದೆ ಕಂಪನಿಗಳು ಮಾರುಕಟ್ಟೆಯಿಂದ ಹೊರಹೋಗುವುದೂ ಉಂಟು. ದಶಕಗಳ ಕಾಲ ಎನ್‌ಎಂಆರ್ ಯಂತ್ರಗಳನ್ನು ತಯಾರಿಸಿದ ವೇರಿಯನ್ ಕಂಪನಿಯನ್ನು ಅಜಿಲೆಂಟ್ 2010ರಲ್ಲಿ ಕೊಂಡು, 2014ರಲ್ಲಿ ಎನ್‌ಎಂಆರ್ ವ್ಯವಹಾರವನ್ನೇ ನಿಲ್ಲಿಸಿತು. ಆಗ ಜಗತ್ತಿನಾದ್ಯಂತ ಅನೇಕ ಕೇಂದ್ರಗಳ ಮ್ಯಾಗ್ನೆಟ್‌ಗಳು ಚೆನ್ನಾಗಿಯೇ ಇದ್ದವು, ಆದರೆ ಅವುಗಳ ಎಲೆಕ್ಟ್ರಾನಿಕ್ಸ್‌ಗೆ ಹೊಸ ಬಿಡಿಭಾಗ ಕೊಡುವವರು ಬರಬರುತ್ತಾ ಇಲ್ಲವಾದರು. ಅಂಥ ಯಂತ್ರಗಳು ಮುಂದೆಯೂ ನಡೆದದ್ದು, ಹಳೆಯ ಬೋರ್ಡುಗಳನ್ನು ಹುಡುಕಿ ತಂದು, ಬೆಸುಗೆ ಹಾಕಿ, ಪರಸ್ಪರ ವಿಚಾರಿಸಿಕೊಂಡು ದುಡಿದ ಸಿಬ್ಬಂದಿಯಿಂದ.

ಇನ್ನು ಕೆಲವರ ಪ್ರಶ್ನೆ, ಕೃತಕ ಬುದ್ಧಿಮತ್ತೆಯೇ ಪ್ರೋಟೀನಿನ ರಚನೆ ಹೇಳುವಾಗ ಈ ಯಂತ್ರಗಳೇ ಬೇಕೇ ಎಂಬುದು. ಅಂಥ ಕೃತಕ ಬುದ್ಧಿಮತ್ತೆಯ ತಂತ್ರಾಂಶವಾದ ಆಲ್ಫಾಫೋಲ್ಡ್‌ನ ಸಾಧನೆ ದೊಡ್ಡದು, 2024ರ ರಸಾಯನಶಾಸ್ತ್ರದ ನೊಬೆಲ್‌ನ ಅರ್ಧ ಪಾಲು ಅದಕ್ಕೆ ಸಂದದ್ದು ನ್ಯಾಯವೇ. ಆದರೆ ಪ್ರೋಟೀನು ಜೀವಕೋಶದಲ್ಲಿ ನಿಂತಲ್ಲೇ ನಿಲ್ಲುವ ವಸ್ತು ಅಲ್ಲ. ಅದು ಅಲುಗಾಡುತ್ತದೆ, ಒಂದು ರೂಪದಿಂದ ಇನ್ನೊಂದಕ್ಕೆ ಹೊರಳುತ್ತದೆ, ಕೆಲವು ಪ್ರೋಟೀನುಗಳಿಗೆ ಸ್ಥಿರವಾದ ಆಕಾರವೇ ಇಲ್ಲ. ಔಷಧದ ಅಣುವೊಂದು ದುರ್ಬಲವಾಗಿ ಬಂದು ತಗುಲಿ ಹೋಗುವುದನ್ನು ದ್ರಾವಣದಲ್ಲೇ, ಪರಮಾಣು ಪರಮಾಣುವಾಗಿ ನೋಡಲು ಎನ್‌ಎಂಆರ್‌ನಷ್ಟು ಒಳ್ಳೆಯ ವಿಧಾನ ಬಹಳ ಕಡಿಮೆ. ಮುಂದಿನ ದಿನಗಳಲ್ಲಿ ಇಂಥ ಕಠಿಣ ಪ್ರಶ್ನೆಗಳೇ ಎನ್‌ಎಂಆರ್ ಕೇಂದ್ರಗಳಿಗೆ ಬರುತ್ತವೆ. ಅವಕ್ಕೆ ಬಟನ್ ಒತ್ತುವವರು ಸಾಲುವುದಿಲ್ಲ, ಹೊಸ ಪಲ್ಸ್ ಪ್ರೋಗ್ರಾಮ್, ಅಂದರೆ ಯಾವ ಪಲ್ಸ್ ಯಾವಾಗ ಕೊಡಬೇಕೆಂದು ಯಂತ್ರಕ್ಕೆ ಹೇಳುವ ಆದೇಶಗಳನ್ನು, ಬರೆಯಬಲ್ಲವರು ಬೇಕು.

ನಮ್ಮಲ್ಲಿ ಪರಿಸ್ಥಿತಿ ಹೇಗಿದೆ ಎಂಬುದನ್ನು ನಾನು ಹತ್ತಿರದಿಂದ ಬಲ್ಲ ಒಂದು ಸಂಗತಿಯಿಂದ ಹೇಳುತ್ತೇನೆ. ಸಂಸ್ಥೆಯ ಹೆಸರು ಇಲ್ಲಿ ಬೇಡ, ಏಕೆಂದರೆ ಇದು ಒಂದೇ ಸಂಸ್ಥೆಯ ಕಥೆ ಅಲ್ಲ. ನನ್ನ ವಿದ್ಯಾರ್ಥಿನಿಯೊಬ್ಬಳು ಎಂಎಸ್ಸಿ ಮುಗಿಸಿ ಒಂದು ಎನ್‌ಎಂಆರ್ ಕೇಂದ್ರದಲ್ಲಿ ಪ್ರಾಜೆಕ್ಟ್ ಹುದ್ದೆಗೆ ಸೇರಿದಳು. ಆರಂಭದಲ್ಲಿ ಸಾರಜನಕ ತುಂಬುವುದಕ್ಕೂ ಹೆದರುತ್ತಿದ್ದವಳು, ಬರಬರುತ್ತಾ ಶಿಮ್ ಮಾಡುವುದರಲ್ಲಿ ಪಳಗಿದಳು. ರಾತ್ರಿ ಕರೆಂಟು ಹೋಗಿ, ತಣ್ಣೀರು ಹರಿಸುವ ಚಿಲ್ಲರ್ ಯಂತ್ರ ನಿಂತು, ಕ್ರಯೋಪ್ರೋಬ್ ಬೆಚ್ಚಗಾಗತೊಡಗಿದಾಗ ಓಡಿಹೋಗಿ ಸರಿಯಾದ ಕ್ರಮದಲ್ಲಿ ಎಲ್ಲವನ್ನೂ ನಿಲ್ಲಿಸಿ, ಮರುದಿನವಿಡೀ ಕಾದು ಮತ್ತೆ ತಣ್ಣಗಾಗಿಸುವಷ್ಟು ಸಮರ್ಥಳಾದಳು. ಪ್ರಾಜೆಕ್ಟಿನ ಅವಧಿ ಮುಗಿಯಿತು, ನವೀಕರಣದ ಕಡತ ಎಲ್ಲೋ ನಿಂತಿತು, ಕೆಲವು ತಿಂಗಳ ಸಂಬಳ ತಡವಾಯಿತು. ಮದುವೆ, ಮನೆಬಾಡಿಗೆ, ತಂದೆತಾಯಿಯ ಔಷಧದ ಖರ್ಚು ಇರುವವರು ಎಷ್ಟು ದಿನ ಕಾಯುವುದು? ಅವಳು ಡೇಟಾ ಎಂಟ್ರಿಗೆ ಹತ್ತಿರವಾದ ಒಂದು ಐಟಿ ಕೆಲಸಕ್ಕೆ ಹೋದಳು. ಅವಳ ಜಾಗಕ್ಕೆ ಬಂದ ಹುಡುಗನಿಗೆ ಮೊದಲಿನಿಂದ ಕಲಿಸಲು, ನಿವೃತ್ತಿಗೆ ಹತ್ತಿರವಿದ್ದ ಹಿರಿಯರೊಬ್ಬರನ್ನು ಬಿಟ್ಟರೆ ಅಲ್ಲಿ ಬೇರಾರೂ ಇರಲಿಲ್ಲ. ಅವಳನ್ನು ತಯಾರು ಮಾಡಲು ಖರ್ಚಾದ ಸಾರ್ವಜನಿಕ ಹಣವನ್ನು ಯಾರೂ ನಷ್ಟದ ಲೆಕ್ಕಕ್ಕೆ ಬರೆಯಲಿಲ್ಲ. ಅದೇ ಯಂತ್ರದ ಒಂದು ಪ್ರೋಬ್ ಒಡೆದಿದ್ದರೆ ವಿಚಾರಣಾ ಸಮಿತಿ ಕೂರುತ್ತಿತ್ತು.

2020ರ ಜನವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಐ-ಸ್ಟೆಮ್ ಪೋರ್ಟಲ್ ಉದ್ಘಾಟನೆಯಾಯಿತು. ದೇಶದ ಯಾವ ಸಂಸ್ಥೆಯಲ್ಲಿ ಯಾವ ಉಪಕರಣ ಇದೆ ಎಂದು ಹುಡುಕಿ, ದೂರದ ಊರಿನ ಕಾಲೇಜಿನವರೂ ಅದನ್ನು ಬಳಸಲು ಸಾಧ್ಯವಾಗಬೇಕೆಂಬುದು ಅದರ ಉದ್ದೇಶ. ಇದು ಒಳ್ಳೆಯ ಕೆಲಸ, ನಾನೇ ನನ್ನ ವಿದ್ಯಾರ್ಥಿಗಳಿಗೆ ಅದನ್ನು ತೋರಿಸುತ್ತೇನೆ. ಆದರೆ ರಾಯಚೂರಿನಿಂದಲೋ ಶಿವಮೊಗ್ಗದಿಂದಲೋ ಸ್ಯಾಂಪಲ್ ಕಳಿಸಿದ ವಿದ್ಯಾರ್ಥಿಗೆ ಬೇಕಾದದ್ದು ಯಂತ್ರದ ಒಂದು ಸ್ಲಾಟ್ ಅಷ್ಟೇ ಅಲ್ಲ. ಯಾವ ಪ್ರಯೋಗ ಮಾಡಿಸಬೇಕು, ಸ್ಯಾಂಪಲ್ ಎಷ್ಟು ಸಾಂದ್ರವಾಗಿರಬೇಕು, ಬಂದ ಸ್ಪೆಕ್ಟ್ರಮ್‌ನ ಅರ್ಥವೇನು ಎಂದು ಹೇಳಿಕೊಡುವ ಒಬ್ಬರು ಬೇಕು. ಉಪಕರಣಗಳ ಪಟ್ಟಿ ಮಾಡಿದಷ್ಟೇ ಶ್ರದ್ಧೆಯಿಂದ, ಅವುಗಳ ಪೈಕಿ ಎಷ್ಟಕ್ಕೆ ಕಾಯಂ ಸಿಬ್ಬಂದಿ ಇದ್ದಾರೆ ಎಂಬ ಪಟ್ಟಿಯನ್ನೂ ಮಾಡಿ ಸಾರ್ವಜನಿಕರ ಮುಂದಿಡಬೇಕೆಂದು ನಾನು ಒತ್ತಾಯಿಸುತ್ತೇನೆ.

ಬ್ರಿಟನ್ನಿನಲ್ಲಿ 2017ರಲ್ಲಿ ತಂತ್ರಜ್ಞರ ಪರವಾದ ಒಂದು ಒಪ್ಪಂದ ಆರಂಭವಾಯಿತು. ಸಹಿ ಹಾಕಿದ ವಿಶ್ವವಿದ್ಯಾಲಯಗಳು ತಮ್ಮ ತಾಂತ್ರಿಕ ಸಿಬ್ಬಂದಿಯ ಗುರುತು, ಮನ್ನಣೆ, ವೃತ್ತಿ ಬೆಳವಣಿಗೆ ಮತ್ತು ಅವರ ಕೌಶಲದ ಮುಂದುವರಿಕೆಗೆ ಏನು ಮಾಡುತ್ತೇವೆಂದು ಯೋಜನೆ ಬರೆದು, ಅದನ್ನು ಪರಿಶೀಲನೆಗೆ ಒಪ್ಪಿಸಬೇಕು. ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳು ಅದನ್ನು ಹಾಗೆಯೇ ನಕಲು ಮಾಡಬೇಕಿಲ್ಲ. ಇಪ್ಪತ್ತು ವರ್ಷ ಬಾಳುವ ಮ್ಯಾಗ್ನೆಟ್‌ಗೆ ಮಂಜೂರಾತಿ ಕೊಡುವ ಆದೇಶದಲ್ಲೇ, ಅದೇ ಅವಧಿಗೆ ಕನಿಷ್ಠ ಇಬ್ಬರು ಕಾಯಂ ವೈಜ್ಞಾನಿಕ ಅಧಿಕಾರಿಗಳ ಹುದ್ದೆಯನ್ನೂ ಸೇರಿಸಿದರೆ ಸಾಕು. ಇಬ್ಬರು ಎನ್ನಲು ಕಾರಣವಿದೆ: ಹೀಲಿಯಂ ತುಂಬುವ ಕೆಲಸ ಒಬ್ಬರೇ ಮಾಡುವಂಥದ್ದಲ್ಲ, ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರು ಇರಬೇಕು, ಒಬ್ಬರು ನಿವೃತ್ತರಾಗುವ ಮೊದಲು ಇನ್ನೊಬ್ಬರು ಕಲಿತಿರಬೇಕು. ಅವರ ಬಡ್ತಿಯನ್ನು ನಿರ್ಧರಿಸುವಾಗ ಸ್ವಂತ ಪ್ರಬಂಧಗಳ ಸಂಖ್ಯೆಯ ಜೊತೆಗೆ, ಎಷ್ಟು ಬಳಕೆದಾರರಿಗೆ ತರಬೇತಿ ಕೊಟ್ಟರು, ಯಂತ್ರ ಎಷ್ಟು ದಿನ ನಿಲ್ಲದೆ ನಡೆಯಿತು, ಯಾವ ಹೊಸ ಪ್ರಯೋಗವನ್ನು ಕೇಂದ್ರಕ್ಕೆ ತಂದರು ಎಂಬುದನ್ನೂ ಅಂಕಕ್ಕೆ ತೆಗೆದುಕೊಳ್ಳಬೇಕು.

ಪ್ರಬಂಧ ಬರೆಯುವ ನನ್ನ ಸಹೋದ್ಯೋಗಿಗಳಲ್ಲಿ ಒಂದು ಮನವಿ. ಯಾರ ನಿರ್ಧಾರದಿಂದ ನಿಮ್ಮ ಪ್ರಯೋಗದ ದಾರಿ ಬದಲಾಯಿತೋ, ಯಾರು ಬರೆದ ಪಲ್ಸ್ ಪ್ರೋಗ್ರಾಮಿನಿಂದ ನಿಮ್ಮ ಮೂರನೇ ಚಿತ್ರ ಸಾಧ್ಯವಾಯಿತೋ, ಅವರ ಹೆಸರು ಲೇಖಕರ ಸಾಲಿನಲ್ಲಿರಲಿ. ದಿನನಿತ್ಯದ ಸಹಾಯಕ್ಕೆ ಕೃತಜ್ಞತೆಯ ಭಾಗದಲ್ಲಿ ಅವರ ಹೆಸರನ್ನೇ ಬರೆಯಿರಿ, ಕೇಂದ್ರದ ಹೆಸರಿಗೆ ನಿಲ್ಲಿಸಬೇಡಿ. ಮುಂದಿನ ಬಾರಿ ಉಪಕರಣಕ್ಕೆಂದು ಅರ್ಜಿ ಹಾಕುವಾಗ ಯಂತ್ರದ ದರಪಟ್ಟಿಯ ಪಕ್ಕದಲ್ಲಿ ಹುದ್ದೆಗಳ ವೇತನವನ್ನೂ ಸೇರಿಸಿ. ಪರಿಶೀಲನಾ ಸಮಿತಿ ಅದನ್ನು ಹೊಡೆದುಹಾಕಿದರೆ, ಏಕೆ ಹೊಡೆದುಹಾಕಿದಿರೆಂದು ಲಿಖಿತವಾಗಿ ಕೇಳಿ.